ಮಿಠಾಯಮ್ಮನ ನಡಿಗೆ

2024ರ ನವೆಂಬರ್ 18, ಸೋಮವಾರ. ಬೆಳಿಗ್ಗೆ 10:20ಕ್ಕೆ ರೇವಂತ್ ಎಂಬ ಇಪ್ಪತ್ತೊಂಬತ್ತರ ಯುವಕ ಠಾಣೆಗೆ ಬಂದು ದೂರು ಕೊಟ್ಟ. ಪದ್ಮನಾಭನಗರದ ಮನೆಯೊಂದರ ಮೊದಲ ಮಹಡಿಯನ್ನು ಬಾಡಿಗೆಗೆ ಹಿಡಿದು, ನಾಲ್ಕು ವರ್ಷದಿಂದ ಒಬ್ಬನೇ ಕೂತು ಒಂದು ವಿಡಿಯೊ ಗೇಮ್ ಮಾಡುತ್ತಿದ್ದ. ಭಾನುವಾರ ಗೆಳೆಯನ ಮದುವೆಗೆ ಹೋಗಿದ್ದ. ವಾಪಸ್ ಬಂದು ಬೀಗ ತೆಗೆದರೆ ಎರಡು ಹಾರ್ಡ್ ಡಿಸ್ಕ್‌ಗಳೂ ಕೈಯಲ್ಲಿ ಬರೆದ ಚಿತ್ರಗಳ ಮೂರು ಕಟ್ಟುಗಳೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಗುರುಬಸಪ್ಪನವರ ನಿವೃತ್ತಿಗೆ ಏಳು ತಿಂಗಳಿತ್ತು. ಹಿಂದಿನ ವಾರವಿಡೀ ಬಂದೋಬಸ್ತಿಗೆ ನಿಂತು ಮಂಡಿ ಬಾತುಕೊಂಡಿತ್ತು. ದೂರನ್ನು ಎರಡು ಸಲ ಓದಿದರು.

“ಲ್ಯಾಪ್‌ಟಾಪು?”

“ಅಲ್ಲೇ ಇದೆ ಸಾರ್. ಕ್ಯಾಮೆರಾನೂ ಮುಟ್ಟಿಲ್ಲ.”

“ಕಾಪಿ ಇಟ್ಟಿರಲಿಲ್ವಾ?”

“ಆಗಸ್ಟ್ ತನಕದ್ದು ಮಾತ್ರ ಇದೆ. ಮುಂದಿನ ತಿಂಗಳು ಹನ್ನೆರಡಕ್ಕೆ ರಿಲೀಸು ಸಾರ್. ಕೊನೇ ಲೆವೆಲ್ಲೇ ಹೋಯ್ತು.”

ಮನೆಗಳ್ಳತನವೆಂದು ಬಿಎನ್‌ಎಸ್ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12:15ಕ್ಕೆ ಗುರುಬಸಪ್ಪ ಮತ್ತು ಹೆಡ್ ಕಾನ್‌ಸ್ಟೆಬಲ್ ಮೈತ್ರಿ ಸ್ಥಳಕ್ಕೆ ಹೋದರು. ಪಕ್ಕದ ಜೆರಾಕ್ಸ್ ಅಂಗಡಿಯವನನ್ನೂ ಇಸ್ತ್ರಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಬರೆದದ್ದಾಯಿತು. ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳು ನೆಟ್ಟಗಿತ್ತು. ಎದುರು ಅಂಗಡಿಯ ಸಿಸಿಟಿವಿಯಲ್ಲಿ ಭಾನುವಾರ ಆ ಗೇಟಿನೊಳಗೆ ಹೊರಗಿನವರು ಯಾರೂ ಬಂದಿರಲಿಲ್ಲ.

“ಆ ಗೇಮ್ ಏನು ಅಂತ ತೋರಿಸಪ್ಪ” ಎಂದರು ಗುರುಬಸಪ್ಪ.

ರೇವಂತ್ ಸೆಪ್ಟೆಂಬರಿನಲ್ಲಿ ಯೂಟ್ಯೂಬಿಗೆ ಹಾಕಿದ್ದ ಎರಡು ನಿಮಿಷದ ತುಣುಕನ್ನು ತೋರಿಸಿದ. ತೀರಾ ಹಳೆಯ ಕಾಲದ ಕಾರ್ಟೂನಿನ ಹಾಗೆ ಎಲ್ಲವೂ ಕಪ್ಪುಬಿಳುಪು. ಗೀರು ಬಿದ್ದ ರೀಲು, ಬಳುಕುವ ಕೈಕಾಲು, ಬಿಳಿ ಕೈಗವಸು. ಮುಚ್ಚಿಹೋದ ಮಿಠಾಯಿ ಕಾರ್ಖಾನೆಯಲ್ಲಿ ಆಡುವವನು ಡಬ್ಬಗಳ ಹಿಂದೆ ಅಡಗಿ ಜೀವ ಉಳಿಸಿಕೊಳ್ಳಬೇಕು. ಹುಡುಕಿಕೊಂಡು ಬರುವವಳು ಮಿಠಾಯಮ್ಮ. ಮುಖದ ತುಂಬ ನಗು. ಬಲಗಾಲು ಮುಂದಿಟ್ಟು ಎಡಗಾಲನ್ನು ಅರ್ಧ ಸುತ್ತಿಸಿ ಎಳೆಯುತ್ತಾಳೆ. ಎಡಗೈ ಎದೆಗೆ ಮಡಚಿಕೊಂಡಿದೆ.

“ಇನ್ನೊಂದು ಕೀ ಯಾರ ಹತ್ರ ಇದೆ?”

“ಕೆಳಗಡೆ ಓನರ್ ಹತ್ರ, ಸುಧಾಮಣಿ ಅಕ್ಕ. ಅವ್ರು ಅಂಥೋರಲ್ಲ ಸಾರ್.”

ಸುಧಾಮಣಿಗೆ ನಲವತ್ತನಾಲ್ಕು. ಸುತ್ತಲೆಲ್ಲ ಹೊಲವಿದ್ದ ಕಾಲದಿಂದಲೂ ಆ ಜಾಗ ಅವರ ಮನೆಯವರದು. ನಡುಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳು ಪೊಲೀಸರನ್ನು ಕಂಡು ಎದ್ದು ನಿಂತಳು.

“ನಿನ್ನೆ ಮನೇಲಿದ್ರಾ?”

“ಇದ್ದೆ ಸಾರ್.”

“ಮೇಲೆ ಯಾರಾದ್ರೂ ಹೋದ್ರಾ?”

“ನೋಡ್ಲಿಲ್ಲ.”

ಒಳಕೋಣೆಯಿಂದ ತೊದಲು ದನಿ ಕೇಳಿತು. “ಯಾರೇ ಸುಧಾ?”

“ಕರೆಂಟ್ ಮೀಟರ್ ನೋಡೋರು ಕಣಮ್ಮ.”

ತಾಯಿ ಸಪ್ಪಲಮ್ಮ ಮಂಚದಿಂದೆದ್ದು, ಗೋಡೆ ಹಿಡಿದು ಬಚ್ಚಲಿನ ಕಡೆ ಹೊರಟರು. ಬಲಗಾಲು ಮುಂದೆ, ಎಡಗಾಲು ಅರ್ಧ ಸುತ್ತು ಸುತ್ತಿ ಹಿಂದಿನಿಂದ. ಎಡಗೈ ಎದೆಗೆ ಮಡಚಿತ್ತು. ಮೈತ್ರಿ ತಲೆ ತಗ್ಗಿಸಿದಳು. ಮುದುಕಿ ಮರಳಿ ಬಂದು ಮಲಗುವವರೆಗೆ ಗುರುಬಸಪ್ಪ ಕಾದರು.

“ಚಿತ್ರಗಳು ಎಲ್ಲಿವೆಯಮ್ಮ?”

ಸುಧಾಮಣಿ ವಾದಿಸಲಿಲ್ಲ. ತಾಯಿಯ ಮಂಚದಡಿಯ ಟ್ರಂಕನ್ನು ಎಳೆದಳು. ಮೂರೂ ಕಟ್ಟು ಹಾಗೇ ಇದ್ದವು. ಡಿಸ್ಕ್‌ಗಳನ್ನು ಸುತ್ತಿಗೆಯಲ್ಲಿ ಜಜ್ಜಿದ್ದಳು. ಚೂರುಗಳು ಹಿತ್ತಲಿನ ಬಕೆಟ್ಟಿನಲ್ಲಿ ಸಿಕ್ಕವು.

“ಚಿತ್ರಗಳನ್ನ ಯಾಕೆ ಉಳಿಸಿದ್ರಿ?”

“ಸುಡೋಕೇ ತಂದಿದ್ದೆ ಸಾರ್. ಬಿಚ್ಚಿದ್ರೆ ಒಂದೊಂದು ಹಾಳೇಲೂ ಅಮ್ಮನೇ ನಡೀತವ್ಳೆ. ಹೆಂಗ್ ಸಾರ್ ಒಲೆಗೆ ಹಾಕ್ಲಿ?”

ರೇವಂತನನ್ನು ಕೆಳಗೆ ಕರೆಸಿದರು. ಟ್ರಂಕು ನೋಡಿ ಅವನು ಅದರ ಮುಂದೆಯೇ ನೆಲಕ್ಕೆ ಕೂತ.

“ಅಜ್ಜಿ ದಿನಾ ಬೆಳಿಗ್ಗೆ ಗೇಟ್ ತನಕ ನಡೀತಿದ್ರು ಸಾರ್. ಬಾಲ್ಕನಿಯಿಂದ ಫೋನಲ್ಲಿ ತೆಗ್ದು, ನೋಡ್ಕೊಂಡು ಬರ್ದೆ. ಮುಖ ಬೇರೆ ಇದೆಯಲ್ಲ, ಯಾರಿಗೂ ಗೊತ್ತಾಗಲ್ಲ ಅನ್ಕೊಂಡೆ.”

“ಅವರನ್ನ ಒಂದು ಮಾತು ಕೇಳಿದ್ಯಾ?”

“ಇಲ್ಲ. ಕಂಪ್ಲೇಂಟ್ ವಾಪಸ್ ತಗೋಬಹುದಾ ಸಾರ್?”

“ಎಫ್‌ಐಆರ್ ಆಗೋಗಿದೆಯಪ್ಪ. ಅದನ್ನ ಕೋರ್ಟಲ್ಲಿ ಹೇಳು.” ಗುರುಬಸಪ್ಪ ಮಂಡಿ ಹಿಡಿದುಕೊಂಡು ಎದ್ದರು.

ಜಪ್ತಿ ಪಂಚನಾಮೆ ಮುಗಿದು, ಸಂಜೆ 4:40ಕ್ಕೆ ಬಂಧನ ದಾಖಲಾಯಿತು. ಯಾರಿಗೆ ತಿಳಿಸಬೇಕೆಂದು ಮೈತ್ರಿ ಕೇಳಿದಾಗ ಸುಧಾಮಣಿ ಪಕ್ಕದ ಮನೆಯ ಮುನಿಯಕ್ಕನ ಹೆಸರು ಹೇಳಿದಳು. “ಅನ್ನ ಮೆತ್ತಗೆ ಕಲಸಿಕೊಡೋಕೆ ಹೇಳಿ ಮೇಡಂ. ಗಟ್ಟಿ ಇದ್ರೆ ಅಮ್ಮಂಗೆ ಗಂಟ್ಲಲ್ಲಿ ಇಳಿಯಲ್ಲ.” ಮುನಿಯಕ್ಕ ಬರುವ ತನಕ ಜೀಪು ಹೊರಡಲಿಲ್ಲ.

ಠಾಣೆಯಲ್ಲಿ ಸುಧಾಮಣಿ ಹೇಳಿಕೆ ಕೊಟ್ಟಳು. ಎರಡು ವರ್ಷದ ಹಿಂದೆ ಸಪ್ಪಲಮ್ಮನಿಗೆ ಪಾರ್ಶ್ವವಾಯು ಹೊಡೆದಿತ್ತು. ಮಂಚದಿಂದ ಗೇಟಿಗೆ ಹತ್ತೊಂಬತ್ತು ಹೆಜ್ಜೆ. ಮಗಳು ಸೊಂಟ ಹಿಡಿದು ಅಷ್ಟನ್ನು ನಡೆಸಲು ಎಂಟು ತಿಂಗಳು ಹಿಡಿಯಿತು. ಕಳೆದ ತಿಂಗಳು ಒಂದು ಬೆಳಿಗ್ಗೆ ಗೇಟಿನಾಚೆ ಯಾರೋ “ಮಿಠಾಯಮ್ಮ ಬಂದ್ಳು, ಅಡಗ್ಕೊಳ್ರೋ” ಎಂದು ಕೂಗಿದರು. ಎಲ್ಲರೂ ನಕ್ಕರು. ಏನೆಂದು ತಿಳಿಯದೆ ಸಪ್ಪಲಮ್ಮನೂ ನಕ್ಕರು. ಆಮೇಲೆ ಒಬ್ಬರು ತಾಯಿ ಮಗಳಿಬ್ಬರಿಗೂ ಫೋನಿನಲ್ಲಿ ಆ ವಿಡಿಯೊ ತೋರಿಸಿದರು. ಮರುದಿನದಿಂದ ಸಪ್ಪಲಮ್ಮ ಹೊಸಿಲು ದಾಟಲಿಲ್ಲ.

ಮೈತ್ರಿ ಪೆನ್ನು ನಿಲ್ಲಿಸಿದಳು. “ಹುಡುಗನಿಗೆ ಮೊದಲೇ ಹೇಳ್ಬೋದಿತ್ತಲ್ಲಕ್ಕ?”

“ಏನಂತ ಹೇಳ್ಲಿ ಮೇಡಂ? ನಮ್ಮಮ್ಮ ಭೂತ ಅಲ್ಲ ಅಂತ್ಲಾ?”

ಮೈತ್ರಿ ಅದನ್ನೂ ಬರೆದುಕೊಂಡು, ಪೂರ್ತಿ ಓದಿ ಹೇಳಿದಳು. ಸುಧಾಮಣಿ ಸಹಿ ಹಾಕಿದಳು.