ಭೀಮಾಬಾಯಿ ಮಹಲಿನ ಉಡಿಯಕ್ಕಿ

“ಐದು ಚಿಟಿಕಿ ಅಕ್ಕಿ ವಾಪಸ್ ಗಡಿಗ್ಯಾಗ ಹಾಕ್ರಿ, ಅಕ್ಕೋರ. ಹಂಗ ಹೋಗಬ್ಯಾಡ್ರಿ.”

ಮಹಲು ಕಾಯುವ ಮುದುಕಿಯ ಮಾತಿಗೆ ಗುರುಬಸವ್ವ ನಕ್ಕು, ಉಡಿಯಕ್ಕಿಯಿದ್ದ ಸೆರಗಿನ ಗಂಟು ಬಿಗಿದಳು. “ಕೊಟ್ಟದ್ದನ್ನ ಮತ್ತ ಕಸಗೋತೀಯೇನು ಆಯಿ? ಇಷ್ಟು ದೊಡ್ಡ ಮಹಲಿಗೆ ಇಷ್ಟು ಬಡತನ ಬಂತೇನು?”

ಉಡಿ ತುಂಬಿಸಿಕೊಂಡವಳು ಐದು ಚಿಟಿಕೆ ಅಕ್ಕಿಯನ್ನು ಆ ಮನೆಗೇ ಬಿಟ್ಟುಬರುವ ಪದ್ಧತಿ ಅವಳಿಗೆ ಗೊತ್ತಿತ್ತು. ಧಾರವಾಡದಲ್ಲಿ ಬಿ.ಎ. ಮುಗಿಸಿದ ಮೇಲೆ ಅಂಥವನ್ನೆಲ್ಲ ಬಿಟ್ಟಿದ್ದಳು. ೧೯೬೧ರ ಆ ಬೇಸಗೆಯಲ್ಲಿ ಅವಳು ಏಳು ತಿಂಗಳ ಬಸುರಿ. ಮಹಲು ಹುಡುಗಿಯರ ವಸತಿಗೃಹಕ್ಕೆ ಆದೀತೇ ಎಂದು ನೋಡಿ ವರದಿ ಬರೆಯಲು ವಿಜಾಪುರದಿಂದ ಬಂದಿದ್ದಳು.

ಟಿಕೋಟಾ ದಾಟಿ ಬಿಜ್ಜರಗಿಯ ಹಾದಿಯಲ್ಲಿ, ಕರಿಮಣ್ಣಿನ ಬಯಲಿನ ನಡುವೆ ಅದನ್ನು ಕಟ್ಟಿಸಿದವಳು ನಾಟಕ ಕಂಪನಿಯ ನಟಿ ಭೀಮಾಬಾಯಿ. ಊರವರು ಕುಡಿಯುವ ನೀರಿಗೆ ಎರಡು ಮೈಲು ನಡೆಯುತ್ತಿದ್ದ ಕಾಲದಲ್ಲಿ ಅವಳ ಅಂಗಳದಲ್ಲಿ ಅತ್ತರಿನ ಕಾರಂಜಿ ಚಿಮ್ಮುತ್ತಿತ್ತು. ಗೋಡೆ ತುಂಬ ಬೆಲ್ಜಿಯಮ್ ಕನ್ನಡಿ. ಪ್ರತಿ ಬಸಿರಿಗೂ ಒಂದು ಬೆಳ್ಳಿಯ ತೊಟ್ಟಿಲು. ತೊಟ್ಟಿಲು ಐದಾದವು. ಒಂದು ಕೂಸೂ ಹೆಸರಿಡುವ ದಿನ ಕಾಣಲಿಲ್ಲ.

“ಕೂಸುಗೋಳ ಜೀವ ಮನಿ ಬಿಟ್ಟು ಹೋಗಬಾರದಂತ ಮಾಟಗಾರನ ಕರಸಿ ಅಕ್ಕಿ ಗಡಿಗ್ಯಾಗ ಕಟ್ಟಿಸ್ಯಾಳ್ರಿ,” ಎಂದಳು ಮುದುಕಿ ದುಂಡವ್ವ. ಅವಳ ಧ್ವನಿ ತಗ್ಗಿತು. “ಆ ಗಡಿಗಿ ಅಕ್ಕೀಲೇ ಉಡಿ ತುಂಬೂದು ಆಕಿ ಹಾಕಿದ ರೂಢಿ. ಬಸರಿನ್ನ ಖಾಲಿ ಉಡೀಲೆ ನಾ ಹೆಂಗ ಕಳಸಲಿ? ಐದು ಚಿಟಿಕಿ ಬಿಟ್ರ ಅವು ಐದೂ ಇಲ್ಲೇ ಉಳೀತಾವ.”

“ಬರಲಿ ಬಿಡು, ಆಯಿ. ಸಣ್ಣ ಕೂಸಿಗೆ ಬಸ್ಸಿನ್ಯಾಗ ಟಿಕೀಟಿಲ್ಲ.”

ದುಂಡವ್ವ ನಗಲಿಲ್ಲ.

ಸಂಜೆ ಮನೆಯಲ್ಲಿ ಗುರುಬಸವ್ವ ಅದೇ ಅಕ್ಕಿ ಬೇಯಿಸಿದಳು. ಅನ್ನ ಕುದಿಯುವಾಗ ಒಡೆದ ಮೊಲೆಹಾಲಿನ ಹುಳಿವಾಸನೆ ಎದ್ದಿತು. ಬಿಸಿಲಿನ ದಣಿವಿನಿಂದ ಹಾಗೆನಿಸುತ್ತದೆ ಎಂದುಕೊಂಡು ಉಂಡಳು. ಉಂಡೊಡನೆ ಒದೆಯುತ್ತಿದ್ದ ಕೂಸು ಅಂದು ಒದೆಯಲಿಲ್ಲ. ಹೊಟ್ಟೆ ಮಾತ್ರ ಭಾರವಾಗುತ್ತ ಹೋಯಿತು. ಅಂಗೈಯಿಟ್ಟು ನೋಡಿದಳು. ಒಳಗೆ ತಣ್ಣಗೆ ಏನೋ ಹೊರಳಿತು. ಅದರ ಪಕ್ಕದಲ್ಲಿ ಇನ್ನೊಂದು. ಅದರ ಹಿಂದೆ ಮತ್ತೊಂದು.

ಬೆಳಗಿನ ಮೊದಲ ಬಸ್ಸಿಗೆ ಅವಳು ಮಹಲಿನ ಬಾಗಿಲಲ್ಲಿದ್ದಳು.

“ಉಂಡ್ರೇನು?” ಎಂದಳು ದುಂಡವ್ವ.

“ಉಂಡೆ. ಮನಿ ಅಕ್ಕಿ ತಂದೇನಿ, ಹಾಕತೇನಿ.”

ಮುದುಕಿ ಹೊಸ್ತಿಲ ಹೊರಗೆ ಕುಳಿತಳು. “ಅದು ನಡಿಯೂದಿಲ್ರಿ. ಅವು ಜಾಗಾ ಹಿಡದಾವ, ನಿಮ್ಮ ಕೂಸಿಗೆ ಉಸರಾಡಾಕ ಬಿಡೂದಿಲ್ಲ. ಸತ್ತ ಅವರವ್ವನ್ನ, ಭೀಮಾಬಾಯಿನ್ನ ಕರೀಬೇಕು. ಆಕಿ ಖಾಲಿ ಕೈಲೆ ಹೋಗಾಕಿ ಅಲ್ಲ.”

“ಏನು ಕೊಡಬೇಕು?”

“ಗಡಿಗ್ಯಾಗ ಮುಖ ಇಟ್ಟು ಅನ್ರಿ. ಈ ಕೂಸಿಗೆ ಅವ್ವ ನೀ, ನಾ ಅಲ್ಲ ಅಂತ. ಅಂದಮ್ಯಾಲೆ ಮಾತು ತಿರಗಸಾಕ ಬರೂದಿಲ್ಲ.”

ಹೊರಗೆ ಉರಿಬಿಸಿಲು. ಉಗ್ರಾಣದಲ್ಲಿ ಕತ್ತಲು. ಬಾವಲಿಯ ಹಿಕ್ಕೆ, ಹಳೆಯ ಅತ್ತರು. ಗುರುಬಸವ್ವ ಗಡಿಗೆಯ ಬಾಯಿಗೆ ಬಗ್ಗಿದಳು. ಹೊಟ್ಟೆಯೊಳಗೆ ತನ್ನದು ಅಲುಗಲಿಲ್ಲ. ಅವಳು ಅಂದಳು. ಒಂದಕ್ಷರ ಬಿಡದೆ ಅಂದಳು.

ಮಹಡಿಯ ಮೆಟ್ಟಿಲ ಮೇಲೆ ಗೆಜ್ಜೆ. ಒಂದು ಹೆಜ್ಜೆ. ನಿಂತಿತು. ಮತ್ತೊಂದು. ಬೆನ್ನ ಹಿಂದೆ ಉಸಿರು. ತಣ್ಣನೆಯ ಕೈ ಸೊಂಟ ಬಳಸಿತು. ಒಳಗಿನಿಂದ ಒಂದು ಜಾರಿತು. ಎರಡು. ಅವಳು ತಿರುಗಲಿಲ್ಲ. ಮೂರು. ನಾಲ್ಕು. ಐದು. ಆ ಕೈ ಆರನೆಯದನ್ನು ಮುಟ್ಟಿತು. ಸವರಿತು. ಬಿಟ್ಟಿತು.

ಕೂಸು ಒದೆಯಿತು.

ಗಟ್ಟಿಮುಟ್ಟಾದ ಹೆಣ್ಣುಕೂಸು ಹುಟ್ಟಿತು. ಬಾಣಂತಿ ಕೋಣೆಯಲ್ಲಿ ಒಮ್ಮೆ ತಡೆಯಲಾರದೆ, “ನಾ ನಿಮ್ಮವ್ವ” ಎಂದು ಗುರುಬಸವ್ವ ಅದರ ಕಿವಿಯಲ್ಲಿ ಉಸುರಿದಳು. ಕೂಸಿನ ತುಟಿ ನೀಲಿಗಟ್ಟಿತು. ಉಸಿರು ಮರಳುವವರೆಗೆ ಅವಳು “ಅಲ್ಲ, ಅಲ್ಲ” ಎನ್ನುತ್ತಲೇ ಇದ್ದಳು. ಅಂದಿನಿಂದ ಓಣಿಯವರಿಗೆಲ್ಲ ಹೇಳಿ ತನ್ನನ್ನು ಅವ್ವ ಎನ್ನದೆ ಚಿಗವ್ವ, ಚಿಕ್ಕಮ್ಮ ಎಂದೇ ಕರೆಸಿಕೊಂಡಳು.

ಒಂದೂವರೆ ವರ್ಷಕ್ಕೆ ಮಗು ಮೊದಲ ಮಾತಾಡಿತು. ಗುರುಬಸವ್ವ ಎದುರಿಗೇ ಕುಳಿತು ಅನ್ನ ಕಲಸುತ್ತಿದ್ದಳು. ಅದು ಅವಳ ಭುಜದಾಚೆ, ತೆರೆದ ಬಾಗಿಲ ಕಡೆಗೆ ಎರಡೂ ಕೈ ಚಾಚಿತು.

“ಅವ್ವಾ.”

ಗುರುಬಸವ್ವ ಎದ್ದು ದಾರಿ ಬಿಟ್ಟಳು.