ಮಧುರೆ ತೋಪಿನ ಹುಣಸೆ ಸೌದೆ

ಅಪ್ಪಯ್ಯಣ್ಣನ ತೋಪಿನಲ್ಲಿ ಅಡಿಗಲ್ಲುಗಳಷ್ಟೇ ಉಳಿದಿದ್ದವು. ಅವುಗಳ ಮೇಲೆ ಹೋದ ವರ್ಷದಿಂದ ಗಾಳಿ ಬಿಸಿಲಿಗೆ ಒಣಗುತ್ತಿದ್ದ ಹುಣಸೆ ಸೌದೆಯ ಒಟ್ಟಿಲು — ಮಗಳು ಸಿಂಚನಳ ಮದುವೆ ಅಡುಗೆಗೆಂದು ಇಟ್ಟಿದ್ದು — ಒಂದು ತುಂಡೂ ಉಳಿಯದೆ ಮಾಯ!

ತೋಪು ಕಾಯುವ ಚಿಕ್ಕಬೀರಪ್ಪ ಹೆಂಡತಿಯ ತವರಿಗೆ ಹೋಗಿ ಆಗಷ್ಟೇ ಮರಳಿದ್ದ. ಅವನೇ ಮಾರಿಕೊಂಡನೆಂದು ಅಪ್ಪಯ್ಯಣ್ಣನ ಅನುಮಾನ. ಸಂಜೆಯೊಳಗೆ ಸೌದೆ ಸಿಗದಿದ್ದರೆ ಗಂಡ ಹೆಂಡತಿ ತೋಪಿನ ಮನೆ ಖಾಲಿ ಮಾಡಬೇಕು.

ಮಧುರೆಯಲ್ಲಿ ಇಂಥದ್ದಕ್ಕೆಲ್ಲ ಕರೆ ಹೋಗುವುದು ನಿವೃತ್ತ ಹವಾಲ್ದಾರ್ ವೆಂಕಟರಾಮಪ್ಪನವರಿಗೆ. ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವವನು ನಾನು.

ಪಕ್ಕದ ತೋಟದ ಗೋವಿಂದರಾಜುವಿನ ಶೆಡ್ಡಿನ ಗೋಡೆಗೆ ಒತ್ತಿ ಅಂಥದ್ದೇ ಒಂದು ಒಟ್ಟಿಲಿತ್ತು. ಮುಂದಿನ ತುದಿಗಳ ಮೇಲೆ ಅಡ್ಡಕ್ಕೆ ಸುಣ್ಣದ ಗೆರೆ. ನಮ್ಮಲ್ಲಿ ಹಾಗೆ ಎಳೆಯುವುದು ರೂಢಿ; ಒಂದು ತುಂಡು ಕದ್ದರೂ ಗೆರೆ ಮುರಿದು ಗೊತ್ತಾಗಿಬಿಡುತ್ತದೆ. ಅಪ್ಪಯ್ಯಣ್ಣನ ಸೌದೆಗೂ ಹಸಿಯಿದ್ದಾಗಲೇ ಗೆರೆ ಎಳೆದಿದ್ದರು. ಅದನ್ನೇ ಕದ್ದು ತಂದು ಒಟ್ಟಿದ್ದರೆ ಗೆರೆ ಚೂರುಚೂರಾಗಿರಬೇಕಿತ್ತಲ್ಲ? ಇದು ನೂಲು ಹಿಡಿದಂತೆ ನೇರವಾಗಿತ್ತು. ನಾನಂತೂ ಗೋವಿಂದರಾಜುವನ್ನು ಅಲ್ಲಿಗೇ ಬಿಟ್ಟೆ.

ಹವಾಲ್ದಾರರು ಬಿಡಲಿಲ್ಲ.

"ಯಾವಾಗ ಒಟ್ಟಿದ್ದು ಗೋವಿಂದರಾಜಣ್ಣ?"

"ಹೋದ್ವರ್ಷ ಸಾರ್. ಹಸೀದು ತರ್ಸಿ ಒಟ್ದೆ."

"ಗೆರೆ?"

"ಅವತ್ತೇ ಎಳ್ದಿದ್ದು. ಆಮೇಲೆ ಮುಟ್ಟೇ ಇಲ್ಲ. ಬೇಕಾದ್ರೆ ಆಣೆ ಇಡ್ತೀನಿ."

"ಆಣೆ ಬೇಡಪ್ಪ. ವಾಪಸ್ ತಗೊಳ್ಳೋದು ಕಷ್ಟ."

ಅವರು ಬಗ್ಗಿ, ಒಂದು ತುಂಡಿನ ಬಿರುಕನ್ನು ಕಡ್ಡಿಯಿಂದ ಕೆರೆದರು. ಬಿಳಿ ಪುಡಿ ಉದುರಿತು.

"ಹಸಿ ಸೌದೇಲಿ ಬಿರುಕು ಎಲ್ಲಿರುತ್ತೆ? ಒಣಗ್ತಾ ಬಿಡುತ್ತೆ. ಅವತ್ತೇ ಎಳ್ದಿದ್ರೆ ಬಿರುಕು ಗೆರೇನ ಸೀಳ್ಕೊಂಡ್ ಹೋಗಿರ್ಬೇಕಿತ್ತು, ಒಳಗೆ ಬರೀ ಮರ ಕಾಣ್ಬೇಕಿತ್ತು. ಇಲ್ಲಿ ಬಿರುಕಿನೊಳಕ್ಕೂ ಸುಣ್ಣ ಇಳ್ದಿದೆ. ಇದು ಒಣಗಿದ್ಮೇಲೆ ಬಳ್ದಿದ್ದು."

ಕೆಲವು ತುಂಡುಗಳನ್ನು ಎಳೆದು ನೋಡಿದೆವು. ಗೋಡೆಯ ಕಡೆಗಿದ್ದ ತುದಿಗಳಲ್ಲಿ ಮಾಸಿದ ಸುಣ್ಣ — ಬಿರುಕು ಬಿಟ್ಟಲ್ಲೆಲ್ಲ ಎರಡಾಗಿ ಸೀಳಿತ್ತು. ಅಪ್ಪಯ್ಯಣ್ಣನ ಗೆರೆಯನ್ನು ಗೋಡೆಗೆ ತಿರುಗಿಸಿಟ್ಟು, ಈಚೆ ಹೊಸದು ಎಳೆದಿದ್ದ.

ಗೆರೆಯೇ ಇಲ್ಲದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವಲ್ಲ, ಯಾಕೆ ಎಳೆದೆ ಎಂದು ಕೇಳಿದೆ.

"ಯಾರಾದ್ರೂ ಕದ್ದುಬಿಟ್ರೆ ಅಂತ," ಅಂದ ಗೋವಿಂದರಾಜು, ನೆಲ ನೋಡುತ್ತಾ.

ನಮ್ಮ ಜೊತೆಗೇ ಬಂದಿದ್ದ ಅಪ್ಪಯ್ಯಣ್ಣ, ಹಿಂದೆ ನಿಂತಿದ್ದ ಚಿಕ್ಕಬೀರಪ್ಪನ ಕಡೆ ತಿರುಗಿದರು. ಮನೆ ಬಿಡುವುದೇನೂ ಬೇಡ, ಸೌದೆ ಸಾಗಿಸಿ ಮೊದಲಿನ ಹಾಗೇ ಒಟ್ಟಿಬಿಡು ಎಂದರು.

ಅವನು ನಿಧಾನವಾಗಿ ಬೀಡಿ ಹಚ್ಚಿದ.

"ಈ ಸಲ ನೀವೇ ಒಟ್ಟಿ ಅಣ್ಣ. ನಾನು ಪಕ್ಕದಲ್ಲಿ ನಿಂತ್ಕೊಂಡು ಅನುಮಾನ ಪಡ್ತೀನಿ."