ಅವನ ದನಿಯಲ್ಲಿ ಕರೆದವರು

ಮೀನು ಹಿಡಿಯುವುದು ನನ್ನ ಕಸುಬು, ಮಿಮಿಕ್ರಿ ನನ್ನ ಚಟ. ಇನ್ನೊಂದು ದೋಣಿಯಲ್ಲಿ ಒಬ್ಬನೇ ಹೋಗುತ್ತಿದ್ದ ತಮ್ಮನನ್ನು ವೈರ್‌ಲೆಸ್ಸಿನಲ್ಲಿ ಅಮ್ಮನ ದನಿಯಲ್ಲಿ ಬೈಯುತ್ತಿದ್ದೆ. ಮನೆಗೆ ಬಂದಾಗ ಬಾಗಿಲಾಚೆ ನಿಂತು ಅವನ ದನಿಯಲ್ಲಿ ಅಮ್ಮನನ್ನು ಕರೆಯುತ್ತಿದ್ದೆ.

ಆವತ್ತು ಮಟಮಟ ಮಧ್ಯಾಹ್ನವೇ ಕಡಲಿಗೆ ಮಂಜು ಕವಿಯಿತು. ಅಲೆ ದೋಣಿಗೆ ಬಡಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

"ಅಣ್ಣಾ, ನೀರು ಸೊಂಟಕ್ಕೆ ಬಂತು" ಅಂದ ತಮ್ಮ ವೈರ್‌ಲೆಸ್ಸಿನಲ್ಲಿ.

ನನ್ನನ್ನೇ ಬೇಸ್ತು ಬೀಳಿಸಲು ನೋಡುತ್ತಿದ್ದಾನೆ ಅಂದುಕೊಂಡು ಅಮ್ಮನ ದನಿ ತೆಗೆದೆ: "ಸ್ನಾನ ಮುಗಿಸಿ ಬೇಗ ಮನೆಗೆ ಬಾರೋ, ಕತ್ತೆ."

ಅವನು ನಗಲಿಲ್ಲ. "ಬಂದೆ ಅಮ್ಮ" ಅಂದ. ನನ್ನ ಕೈಯಲ್ಲಿದ್ದ ಮೈಕು ತಣ್ಣಗೆ ಕೊರೆಯತೊಡಗಿತು. ಆಮೇಲೆ ಎಷ್ಟು ಕೂಗಿದರೂ ಉತ್ತರವಿಲ್ಲ.

ಸುತ್ತಲಿನ ದೋಣಿಯವರೆಲ್ಲ ಸೇರಿ ಎರಡು ದಿನ ಕಡಲಲ್ಲೇ ಹುಡುಕಿದೆವು. ಒಂದು ಹಲಗೆಯೂ ಸಿಗಲಿಲ್ಲ. ಸುದ್ದಿ ಹೇಳಲು ಮನೆಗೆ ಹೋದರೆ, ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಶುರುಮಾಡಿದಳು.

"ಮೊನ್ನೆ ಮಧ್ಯಾಹ್ನ ಅಷ್ಟು ಹೊತ್ತು ಅವನ ದನೀಲಿ 'ಚಳಿ ಆಗ್ತಿದೆ, ಬಾಗಿಲು ತೆಗಿಯಮ್ಮ' ಅಂತ ಗೋಗರೆದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಈ ಸಲ ನಾನು ಮೋಸ ಹೋಗ್ಲಿಲ್ಲ. ಚಿಲಕ ತೆಗೀಲೇ ಇಲ್ಲ."

"ಹೌದಮ್ಮ, ನಾನೇ" ಅಂದೆ. ಇವತ್ತಿಗೂ ಹಾಗೇ ಹೇಳುತ್ತಿದ್ದೇನೆ.

ಆ ಮಧ್ಯಾಹ್ನ ನಾನಿದ್ದ ಕಡೆಯಿಂದ ದಡಕ್ಕೆ ಆರು ಗಂಟೆಯ ದಾರಿ.